ಒಂದೇ ಸ್ಪೆಕ್ಟ್ರಮ್, ನೂರು ಕ್ಲೋನ್: ಆಟ ಒಂದರಲ್ಲಿ ಓಡಿ ಇನ್ನೊಂದರಲ್ಲಿ ನಿಲ್ಲುವುದೇಕೆ?

1982ರ ಏಪ್ರಿಲ್ 23ರಂದು ಸಿಂಕ್ಲೇರ್ ರಿಸರ್ಚ್ ಕಂಪನಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರ್ ಹೊರತಂದಾಗ ಬ್ರಿಟನ್ನಿನಲ್ಲಿ 16ಕೆ (16 ಕಿಲೋಬೈಟ್ ಮೆಮೊರಿಯ) ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175 ಪೌಂಡ್ ಬೆಲೆ ಇತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅದರ ನಕಲುಗಳು, ಅಂದರೆ ಕ್ಲೋನ್‌ಗಳು, ಸಾಲುಗಟ್ಟಿ ಬಂದವು: ಬ್ರೆಜಿಲ್‌ನಲ್ಲಿ ಮೈಕ್ರೊಡಿಜಿಟಲ್‌ನ ಟಿಕೆ90ಎಕ್ಸ್, ರೊಮೇನಿಯಾದಲ್ಲಿ ಎಚ್‌ಸಿ-85, ಚೆಕೊಸ್ಲೊವಾಕಿಯಾದಲ್ಲಿ ಡಿಡಾಕ್ಟಿಕ್, ಸೋವಿಯತ್ ಒಕ್ಕೂಟದಲ್ಲಿ ಲೆನಿನ್‌ಗ್ರಾದ್, ಪೆಂಟಗನ್, ಸ್ಕಾರ್ಪಿಯನ್ ಮತ್ತು ಹೆಸರೇ ಇಲ್ಲದ ಎಷ್ಟೋ ಬೋರ್ಡ್‌ಗಳು. ಎಲ್ಲದರಲ್ಲೂ ಅದೇ ಬೇಸಿಕ್ ಪ್ರೋಗ್ರಾಮಿಂಗ್ ಭಾಷೆ, ಅದೇ ಬಗೆಯ ಪ್ರೊಸೆಸರ್. ಆದರೂ ಒಂದರಲ್ಲಿ ಸರಾಗವಾಗಿ ಓಡುವ ಆಟ ಇನ್ನೊಂದರಲ್ಲಿ ಶುರುವಾದ ಕೂಡಲೇ ನಿಂತುಬಿಡುತ್ತದೆ. ಆಟ ತುಂಬಿಸುವ ಕ್ಯಾಸೆಟ್ ಟೇಪ್ ಕೆಟ್ಟಿದೆ ಎಂದು ಬೈಯುವವರೇ ಹೆಚ್ಚು. ಹೆಚ್ಚಿನ ಸಲ ಟೇಪಿನ ತಪ್ಪೇನೂ ಇರುವುದಿಲ್ಲ. ತಕರಾರಿನ ಮುಖ್ಯ ಬೇರು ಬೋರ್ಡಿನ ಮೇಲಿನ ಒಂದೇ ಒಂದು ಚಿಪ್‌ನಲ್ಲಿದೆ.

ಯಾವ ಕಂಪ್ಯೂಟರ್ ನಕಲಾಗುತ್ತದೆ ಎಂಬುದನ್ನು ಅದರ ಜನಪ್ರಿಯತೆಗಿಂತ ಬೋರ್ಡಿನ ಮೇಲಿನ ಬಿಡಿಭಾಗಗಳೇ ನಿರ್ಧರಿಸುತ್ತವೆ. 1977ರ ಆಪಲ್ 2 ಪೂರ್ತಿಯಾಗಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಚಿಪ್‌ಗಳಿಂದ ಮಾಡಿದ್ದು. ಅದರಲ್ಲಿ ಕದಿಯಬೇಕಾದದ್ದು ರೋಮ್ ಎಂಬ ಅಳಿಸಲಾಗದ ಮೆಮೊರಿಯೊಳಗಿನ ಪ್ರೋಗ್ರಾಂ ಮಾತ್ರ. ಫ್ರ್ಯಾಂಕ್ಲಿನ್ ಕಂಪನಿ ಏಸ್ ಯಂತ್ರಗಳಲ್ಲಿ ಅದನ್ನೇ ಮಾಡಿತು. ರೋಮ್‌ನಲ್ಲಿರುವ ಪ್ರೋಗ್ರಾಂಗೂ ಕೃತಿಸ್ವಾಮ್ಯ ಇದೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 1983ರಲ್ಲಿ ಹೇಳುವ ತನಕ ಆ ಪ್ರಶ್ನೆ ತೆರೆದೇ ಇತ್ತು. ಕಮೊಡೋರ್ 64ರ ಕಥೆ ತದ್ವಿರುದ್ಧ. ಅದರ ಚಿತ್ರದ ಚಿಪ್ ವಿಐಸಿ-2, ಧ್ವನಿಯ ಚಿಪ್ ಎಸ್‌ಐಡಿ ಎರಡನ್ನೂ ಕಮೊಡೋರ್ ತನ್ನದೇ ಕಾರ್ಖಾನೆಯಲ್ಲಿ ಮಾಡುತ್ತಿತ್ತು. ಹೊರಗೆ ಸಿಗದ, ಬಿಚ್ಚಿ ಅರ್ಥಮಾಡಿಕೊಳ್ಳಲೂ ಕಷ್ಟವಾದ ಚಿಪ್‌ಗಳು ಅವು. ಹಾಗಾಗಿ ಅಷ್ಟೊಂದು ಮಾರಾಟವಾದರೂ ಅದಕ್ಕೆ ನಕಲುಗಳು ಹುಟ್ಟಲಿಲ್ಲ.

ಸ್ಪೆಕ್ಟ್ರಮ್ ಇವೆರಡರ ನಡುವೆ ನಿಲ್ಲುತ್ತದೆ. ಝಡ್80 ಪ್ರೊಸೆಸರ್, 16ಕೆ ರೋಮ್, ಮೆಮೊರಿ ಚಿಪ್‌ಗಳು ಎಲ್ಲವೂ ಮಾರುಕಟ್ಟೆಯ ಸರಕು. ಉಳಿದ ಕೆಲಸವನ್ನೆಲ್ಲ ಫೆರಾಂಟಿ ಕಂಪನಿ ಸಿಂಕ್ಲೇರ್‌ಗಾಗಿ ಮಾಡಿಕೊಟ್ಟ ಯೂಎಲ್‌ಎ ಎಂಬ 40 ಪಿನ್ನಿನ ಚಿಪ್ ನೋಡಿಕೊಳ್ಳುತ್ತದೆ. ಮೆಮೊರಿಯಿಂದ ಚಿತ್ರ ಓದಿ ಟಿವಿಗೆ ಕಳಿಸುವುದು, ಪ್ರೊಸೆಸರ್‌ಗೆ 3.5 ಮೆಗಾಹರ್ಟ್ಝ್ ಗಡಿಯಾರ ಕೊಡುವುದು, ಸೆಕೆಂಡಿಗೆ 50 ಸಲ ಇಂಟರಪ್ಟ್ (ಪ್ರೊಸೆಸರ್‌ನ ಕೆಲಸ ತಡೆದು ಗಮನ ಸೆಳೆಯುವ ಸಂಕೇತ) ಎಬ್ಬಿಸುವುದು, ಕೀಬೋರ್ಡ್, ಟೇಪ್, ಸ್ಪೀಕರ್ ಎಲ್ಲವೂ ಅದರ ಪಾಲು. ಇಷ್ಟೂ ಹೊರೆ ಒಂದೇ ಚಿಪ್ ಮೇಲೆ ಇದ್ದುದರಿಂದಲೇ ಸ್ಪೆಕ್ಟ್ರಮ್ ಅಗ್ಗವಾಯಿತು. ನಕಲು ಮಾಡುವವರಿಗೆ ಎದುರಾದ ಏಕೈಕ ಗೋಡೆಯೂ ಅದೇ.

ಫೆರಾಂಟಿ ಚಿಪ್ ಸಿಗದ ಕಡೆ ಎಂಜಿನಿಯರ್‌ಗಳು ಅದರ ಕೆಲಸವನ್ನು ಟಿಟಿಎಲ್ ಎಂಬ ಸರಳ, ಸಾಮಾನ್ಯ ಚಿಪ್‌ಗಳಿಗೆ ಹಂಚಿದರು. ಈ ದಾರಿ ಹೊಸದೇನಲ್ಲ. ಸಿಂಕ್ಲೇರ್‌ನದೇ 1980ರ ಝಡ್‌ಎಕ್ಸ್80 ಪೂರ್ತಿ ಟಿಟಿಎಲ್‌ನಲ್ಲಿತ್ತು. ಮರುವರ್ಷ ಝಡ್‌ಎಕ್ಸ್81 ಬಂದಾಗ ಆ ಚಿಪ್‌ಗಳೆಲ್ಲ ಒಂದು ಯೂಎಲ್‌ಎ ಒಳಗೆ ಸೇರಿ, ಬೋರ್ಡಿನಲ್ಲಿ ನಾಲ್ಕೇ ಮುಖ್ಯ ಚಿಪ್ ಉಳಿದವು. ಸೋವಿಯತ್ ನಕಲುಗಾರರು ಆ ಪಯಣವನ್ನು ಹಿಂದುಮುಂದಾಗಿ ಮಾಡಿದರು. ಸೆರ್ಗೆಯ್ ಝೋನೊವ್ ರೂಪಿಸಿದ ಲೆನಿನ್‌ಗ್ರಾದ್ ಬೋರ್ಡ್ ಈ ಪೈಕಿ ಅತಿ ಮಿತವ್ಯಯದ್ದು. ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಬಹುದಾದಷ್ಟು ಸರಳ. ಮೆಮೊರಿಗೆ ಅವರು ಬಳಸಿದ ಕೆ565ಆರ್‌ಯು5 ಚಿಪ್ 64 ಕಿಲೋಬಿಟ್‌ನದು. ಎಂಟು ಹಾಕಿದರೆ 64ಕೆ. ಅದರಲ್ಲಿ ರೋಮ್ ಕೂರುವ 16ಕೆ ಭಾಗ ಕೆಲಸಕ್ಕೆ ಬಾರದೆ ಉಳಿದು 48ಕೆ ಕೈಗೆ ಸಿಗುತ್ತದೆ. ಝಡ್80ಗೆ ಬದಲು ಪೂರ್ವ ಜರ್ಮನಿಯ ಯು880 ಅಥವಾ ಸೋವಿಯತ್ತಿನದೇ ಟಿ34ವಿಎಂ1. ಕೊನೆಕೊನೆಗೆ ಯೂಎಲ್‌ಎಗೂ ಟಿ34ವಿಜಿ1 ಎಂಬ ಪ್ರತಿರೂಪ ಬಂತು. ಡಿಡಾಕ್ಟಿಕ್ ಎಂ ಅದನ್ನೇ ಬಳಸಿತು.

ಒಂದು ಸಣ್ಣ ಸಂಗತಿ ಇಲ್ಲೇ ಹೇಳಿಬಿಡಬೇಕು. ಸೋವಿಯತ್ ಚಿಪ್‌ಗಳ ಪಿನ್‌ಗಳ ನಡುವಿನ ಅಂತರ 2.5 ಮಿಲಿಮೀಟರ್, ಉಳಿದೆಡೆ 2.54. ಹದಿನಾರು ಪಿನ್ನಿನ ಚಿಪ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ನಲವತ್ತು ಪಿನ್ನಿನ ಪ್ರೊಸೆಸರ್‌ಗೆ ಒಂದು ಬದಿಯಲ್ಲಿ 19 ಅಂತರಗಳು, ಒಟ್ಟು 0.76 ಮಿಲಿಮೀಟರ್ ತಪ್ಪುತ್ತದೆ. ಅಂಥ ಸಾಕೆಟ್‌ಗೆ ಹೊರಗಿನ ಝಡ್80 ಒತ್ತಿ ಕೂರಿಸಿದರೆ ತುದಿಯ ಪಿನ್‌ಗಳು ವಾಲಿಕೊಂಡು, ಯಂತ್ರ ಬಿಸಿಯಾದ ಮೇಲೆ ಸಂಪರ್ಕ ಬಿಡುತ್ತವೆ. ಸಾಕೆಟ್ಟನ್ನೇ ಬದಲಿಸುವುದು ಮೇಲು.

ಮೆಮೊರಿಗಾಗಿ ಜಗಳ

ಈಗ ಆಟಗಳು ನಿಲ್ಲುವ ವಿಚಾರ. ಸ್ಪೆಕ್ಟ್ರಮ್ ಪರದೆಯ ಚಿತ್ರ 16384ನೇ ವಿಳಾಸದಿಂದ 6912 ಬೈಟ್ ಹಿಡಿಯುತ್ತದೆ: 6144 ಬೈಟ್ ಚುಕ್ಕಿಗಳಿಗೆ, 768 ಬೈಟ್ ಬಣ್ಣಗಳಿಗೆ. ಯೂಎಲ್‌ಎ ಚಿತ್ರ ಬಿಡಿಸುವಾಗ ಇದನ್ನು ಓದುತ್ತಲೇ ಇರಬೇಕು. ಅದೇ ಹೊತ್ತಿಗೆ ಪ್ರೊಸೆಸರ್‌ಗೂ ಅದೇ ಚಿಪ್‌ಗಳು ಬೇಕಾದರೆ ಒಂದೇ ನಲ್ಲಿಗೆ ಎರಡು ಕೊಡ ಹಿಡಿದಂತೆ. ಯೂಎಲ್‌ಎ ಪಂಚಾಯಿತಿ ಮಾಡುವುದಿಲ್ಲ, ಪ್ರೊಸೆಸರ್‌ನ ಗಡಿಯಾರವನ್ನೇ ನಿಲ್ಲಿಸುತ್ತದೆ. ಎಂಟು ಗಡಿಯಾರ ಮಿಡಿತಗಳಲ್ಲಿ ಹದಿನಾರು ಚುಕ್ಕಿ ಮೂಡುತ್ತವೆ. ಅದಕ್ಕೆ ಬೇಕಾದ ನಾಲ್ಕು ಬೈಟ್‌ಗಳನ್ನು ಅದು ಒಟ್ಟಿಗೆ ಎಳೆದುಕೊಳ್ಳುತ್ತದೆ. ಪ್ರೊಸೆಸರ್ ಯಾವ ಮಿಡಿತದಲ್ಲಿ ಬಾಗಿಲು ತಟ್ಟಿತು ಎಂಬುದರ ಮೇಲೆ 6, 5, 4, 3, 2, 1, 0, 0 ಮಿಡಿತಗಳಷ್ಟು ಕಾಯಬೇಕಾಗುತ್ತದೆ. ಇದು 16384ರಿಂದ 32767ರ ವರೆಗಿನ ಮೆಮೊರಿಗೆ ಮಾತ್ರ, ಅದೂ ಪರದೆಯ 192 ಗೆರೆಗಳು ಮೂಡುವ ಹೊತ್ತಿನಲ್ಲಿ. ಮೇಲಿನ 32ಕೆ ಬೇರೆ ಚಿಪ್‌ಗಳಲ್ಲಿದೆ, ಅಲ್ಲಿ ತಡೆಯಿಲ್ಲ.

ಪೆಂಟಗನ್‌ನಲ್ಲಿ ಈ ತಡೆಯೇ ಇಲ್ಲ. ಅಲ್ಲಿ ಚಿತ್ರಕ್ಕೂ ಪ್ರೊಸೆಸರ್‌ಗೂ ಸರದಿ ಮೊದಲೇ ಗೊತ್ತುಮಾಡಿದೆ, ಯಾರೂ ಕಾಯುವುದಿಲ್ಲ. ವಿನ್ಯಾಸವಾಗಿ ಇದೇ ಚೆನ್ನ ಎನ್ನಬೇಕು. ಆದರೆ ಮೂಲ ಯಂತ್ರದ ಕುಂಟುನಡೆಗೆ ಅಳೆದು ಬರೆದ ಪ್ರೋಗ್ರಾಂಗಳು ಇಲ್ಲಿ ಎಡವುತ್ತವೆ. ಕೆಳಗಿನ ಮೆಮೊರಿಯಲ್ಲಿ ಕೂತ ಸಂಗೀತದ ಕೋಡ್ ವೇಗವಾಗಿ ಓಡಿ ಸ್ವರ ಏರುತ್ತದೆ. ಚಿತ್ರ ಬಿಡಿಸುವ ಟಿವಿ ಕಿರಣದ ಜೊತೆಜೊತೆಗೇ ಬಣ್ಣ ಬದಲಿಸುವ ಬಾರ್ಡರ್ (ಚಿತ್ರದ ಸುತ್ತಲಿನ ಅಂಚು) ಪಟ್ಟೆಗಳು ಓರೆಯಾಗುತ್ತವೆ.

ಇದಕ್ಕೆ ಫ್ರೇಮಿನ (ಒಂದು ಸಲ ಪೂರ್ತಿ ಮೂಡುವ ಟಿವಿ ಚಿತ್ರದ) ಉದ್ದವೂ ಸೇರಿಕೊಳ್ಳುತ್ತದೆ. 48ಕೆ ಸ್ಪೆಕ್ಟ್ರಮ್‌ನ ಒಂದು ಫ್ರೇಮ್ ಎಂದರೆ 312 ಗೆರೆ, ಗೆರೆಗೆ 224 ಮಿಡಿತ, ಒಟ್ಟು 69,888. 128ಕೆ ಮಾದರಿಯಲ್ಲಿ 311 ಗೆರೆ, ಗೆರೆಗೆ 228, ಒಟ್ಟು 70,908. ಪೆಂಟಗನ್‌ನಲ್ಲಿ 320 ಗೆರೆ, 71,680 ಮಿಡಿತ. ಅಂದರೆ ಸೆಕೆಂಡಿಗೆ 48.8 ಫ್ರೇಮ್. ಹಳೆಯ ಟಿವಿಗಳು ಇದನ್ನು ಸಹಿಸಿಕೊಳ್ಳುತ್ತಿದ್ದವು. ಈಗಿನ ಕೆಲವು ಫ್ಲಾಟ್ ಟಿವಿಗಳು ಸಿಗ್ನಲ್ ಇಲ್ಲ ಎಂದುಬಿಡುತ್ತವೆ. ಆಗ ಬೋರ್ಡ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಬೇರೆ ಟಿವಿಗೆ ಹಚ್ಚಿ ನೋಡಬೇಕು.

ಇನ್ನೂ ಸೂಕ್ಷ್ಮವಾದದ್ದು ಫ್ಲೋಟಿಂಗ್ ಬಸ್. ಬಸ್ ಎಂದರೆ ಚಿಪ್‌ಗಳ ನಡುವೆ ಬೈಟ್ ಸಾಗಿಸುವ ತಂತಿಗಳು, ಪೋರ್ಟ್ ಎಂದರೆ ಪ್ರೊಸೆಸರ್ ಹೊರಗಿನ ಸಾಧನಗಳೊಡನೆ ಮಾತಾಡುವ ಬಾಗಿಲು. ಯಾವ ಸಾಧನವೂ ಇಲ್ಲದ ಪೋರ್ಟನ್ನು ಓದಿದರೆ, ಮೂಲ ಸ್ಪೆಕ್ಟ್ರಮ್‌ನಲ್ಲಿ ಆ ಕ್ಷಣಕ್ಕೆ ಯೂಎಲ್‌ಎ ಎಳೆದುಕೊಳ್ಳುತ್ತಿರುವ ಬೈಟೇ ಕೈಗೆ ಸಿಗುತ್ತದೆ. ಅದು ಯಾರೂ ಬೇಕೆಂದು ಮಾಡಿದ್ದಲ್ಲ, ತಂತಿಗಳು ಹಾಗಿದ್ದವು ಅಷ್ಟೇ. ಆದರೆ ಜಾಣ ಪ್ರೋಗ್ರಾಮರ್‌ಗಳು ಪರದೆಯ ಒಂದು ಜಾಗದಲ್ಲಿ ವಿಶಿಷ್ಟ ಬಣ್ಣದ ಬೈಟ್ ಇಟ್ಟು, ಅದು ಪೋರ್ಟಿನಲ್ಲಿ ಕಾಣುವ ತನಕ ಕಾದು, ಕಿರಣ ಎಲ್ಲಿದೆ ಎಂದು ಕಂಡುಕೊಂಡರು. ಆರ್ಕನಾಯ್ಡ್ ಆಟದ ಮೊದಲ ಆವೃತ್ತಿ ಹೀಗೇ ಮಾಡುತ್ತದೆ. ಬಹುತೇಕ ಕ್ಲೋನ್‌ಗಳಲ್ಲಿ ಆ ಪೋರ್ಟ್ ಸದಾ 255 ಎನ್ನುತ್ತದೆ. ಆಟ ಬಾರದ ಬೈಟ್‌ಗಾಗಿ ಕಾಯುತ್ತಾ ಹಾಗೇ ನಿಲ್ಲುತ್ತದೆ. ಇದಕ್ಕೆ ಮದ್ದು ಆ ಕಾಯುವಿಕೆಯನ್ನು ಕಿತ್ತುಹಾಕಿದ ಆವೃತ್ತಿಯನ್ನು ಹುಡುಕುವುದೊಂದೇ.

ಇದರದೇ ಸೋದರಿ ಜಾಯ್‌ಸ್ಟಿಕ್ಕಿನ ಸಮಸ್ಯೆ. ಕೆಂಪ್‌ಸ್ಟನ್ ಜಾಯ್‌ಸ್ಟಿಕ್ ಪೋರ್ಟ್ 31ರಲ್ಲಿ ಒತ್ತಿದ ದಿಕ್ಕಿಗೆ ತಕ್ಕ ಬಿಟ್ ಅನ್ನು 1 ಮಾಡುತ್ತದೆ. ಸಾಧನವೇ ಇಲ್ಲದೆ 255 ಬಂದರೆ ಎಡ, ಬಲ, ಮೇಲೆ, ಕೆಳಗೆ, ಫೈರ್ ಎಲ್ಲವೂ ಒಟ್ಟಿಗೆ ಒತ್ತಿದಂತೆ. ನಾಯಕ ತಾನೇ ಕುಣಿಯತೊಡಗಿದರೆ ಆಟದ ಮೆನುವಿನಲ್ಲಿ ಕೀಬೋರ್ಡ್ ಆರಿಸಿ. ಕೀಬೋರ್ಡಿಗೂ ಇಂಥದೇ ಒಂದು ಪೇಚು ಉಂಟು: ಪೋರ್ಟ್ 254ರ ಕೆಳಗಿನ ಐದು ಬಿಟ್ ಮಾತ್ರ ಕೀಲಿಗಳದು, ಬಿಟ್ 6 (ಸೊನ್ನೆಯಿಂದ ಎಣಿಸಿದಾಗ) ಟೇಪಿನದು. ಏನೂ ಒತ್ತದಿದ್ದಾಗ ಸ್ಪೆಕ್ಟ್ರಮ್‌ನ ಇಶ್ಯೂ 2 (ಎರಡನೇ ಆವೃತ್ತಿಯ) ಬೋರ್ಡ್ 255 ಎಂದರೆ ಇಶ್ಯೂ 3 ಬೋರ್ಡ್ 191 ಎನ್ನುತ್ತದೆ. ಮೇಲಿನ ಬಿಟ್‌ಗಳನ್ನು ತೆಗೆದುಹಾಕದೆ ಇಡೀ ಬೈಟನ್ನು ಹೋಲಿಸಿದ ಮೊದಮೊದಲ ಆಟಗಳು ಸಿಂಕ್ಲೇರ್‌ನದೇ ಹೊಸ ಬೋರ್ಡಿನಲ್ಲಿ ಕೈಕೊಟ್ಟವು. ಮೂಲಕ್ಕೇ ಈ ಗತಿಯಾದರೆ ಕ್ಲೋನ್‌ಗಳನ್ನು ದೂರಿ ಏನು ಬಂತು!

ರೋಮ್‌ನ ಖಾಲಿ ಜಾಗ

ಯೂಎಲ್‌ಎ ಬಿಟ್ಟರೆ ತಕರಾರು ಹುಟ್ಟುವ ಇನ್ನೊಂದು ತಾಣ ರೋಮ್. 48ಕೆ ಸ್ಪೆಕ್ಟ್ರಮ್ ರೋಮ್‌ನಲ್ಲಿ 14446ರಿಂದ 15615ರ ವರೆಗೆ 1170 ಬೈಟ್ ಖಾಲಿ, ಎಲ್ಲವೂ 255. ಆಟ ಬರೆಯುವವರು ಈ ಖಾಲಿ ಜಾಗವನ್ನೂ ಬಿಡಲಿಲ್ಲ.

ಝಡ್80ರ ಇಂಟರಪ್ಟ್ ಮೋಡ್ 2ರಲ್ಲಿ ಪ್ರೊಸೆಸರ್ ತನ್ನೊಳಗಿನ ಐ ರಿಜಿಸ್ಟರ್ ಎಂಬ ಪುಟ್ಟ ಖಾನೆಯ ಬೈಟ್ ಮತ್ತು ಬಸ್ಸಿನ ಮೇಲಿರುವ ಬೈಟ್ ಎರಡನ್ನೂ ಜೋಡಿಸಿ ಒಂದು ವಿಳಾಸ ಮಾಡಿಕೊಂಡು, ಅಲ್ಲಿರುವ ಎರಡು ಬೈಟ್ ಓದಿ, ಅವು ತೋರಿಸಿದ ಕಡೆಗೆ ಜಿಗಿಯುತ್ತದೆ. ಐ ರಿಜಿಸ್ಟರ್‌ನಲ್ಲಿ 57 ಇಟ್ಟರೆ ಆ ವಿಳಾಸ ಖಾಲಿ ಜಾಗದೊಳಗೆ ಬೀಳುತ್ತದೆ. ಸಿಗುವ ಎರಡೂ ಬೈಟ್ 255, ಅಂದರೆ ಜಿಗಿತ 65535ಕ್ಕೆ, ಮೆಮೊರಿಯ ಕಟ್ಟಕಡೆಯ ಬೈಟ್‌ಗೆ. ಅಲ್ಲಿ ಪ್ರೋಗ್ರಾಮರ್ 24 ಎಂಬ ಒಂದೇ ಬೈಟ್ ಇಟ್ಟಿರುತ್ತಾನೆ. ಅದು ಹತ್ತಿರದ ವಿಳಾಸಕ್ಕೆ ಜಿಗಿ ಎಂಬ ಆದೇಶ. ಎಷ್ಟು ದೂರ ಎಂದು ಹೇಳುವ ಮುಂದಿನ ಬೈಟ್‌ಗೆ ಮೆಮೊರಿ ಮುಗಿದು ಸೊನ್ನೆಗೆ ಸುತ್ತಬೇಕು, ಅಂದರೆ ರೋಮ್‌ನ ಮೊದಲ ಬೈಟ್. ಅಲ್ಲಿರುವುದು 243, ಲೆಕ್ಕದಲ್ಲಿ ಮೈನಸ್ 13. ಹಾಗಾಗಿ ಓಟ 65524ಕ್ಕೆ ಬಂದು ನಿಲ್ಲುತ್ತದೆ, ಅಲ್ಲಿ ಆಟದ ಸ್ವಂತ ಕೋಡ್‌ಗೆ ದಾರಿ. ಒಂದೇ ಬೈಟ್ ಖರ್ಚಿನಲ್ಲಿ ಇಡೀ ಇಂಟರಪ್ಟ್ ವ್ಯವಸ್ಥೆ! ರೋಮ್‌ನ ಆ ಜಾಗದಲ್ಲಿ ತಯಾರಕರು ತಮ್ಮ ಭಾಷೆಯ ಅಕ್ಷರಗಳನ್ನೋ ಹೊಸ ಆದೇಶಗಳನ್ನೋ ತುರುಕಿದ ಕ್ಲೋನ್‌ನಲ್ಲಿ ಮಾತ್ರ ಜಿಗಿತ ಎಲ್ಲೆಲ್ಲಿಗೋ ಹೋಗಿ ಯಂತ್ರ ರೀಸೆಟ್ ಆಗುತ್ತದೆ.

ಸುರಕ್ಷಿತ ದಾರಿ ಎಂದರೆ ಮೇಲಿನ ಮೆಮೊರಿಯಲ್ಲಿ ಒಂದೇ ಬೆಲೆಯ 257 ಬೈಟ್‌ಗಳ ಪಟ್ಟಿ ಇಡುವುದು. ಬಸ್ಸಿನ ಮೇಲೆ ಯಾವ ಬೈಟ್ ಬಂದರೂ ಜಿಗಿತ ಒಂದೇ ಕಡೆಗೆ. 256 ಸಾಲದು, ಬೈಟ್ 255 ಬಂದಾಗ ಜೋಡಿಯ ಎರಡನೆಯದು 257ನೆಯ ಜಾಗದಿಂದ ಬರಬೇಕು.

ರೋಮ್ ಪೂರ್ತಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ 1983ರ ಟೈಮೆಕ್ಸ್ ಸಿಂಕ್ಲೇರ್ 2068 ಸಾಕ್ಷಿ. ಅಮೆರಿಕಕ್ಕಾಗಿ ಮಾಡಿದ ಅಧಿಕೃತ ಯಂತ್ರವೇ ಅದು. ಹೆಚ್ಚು ಸೌಲಭ್ಯ, ಒಳ್ಳೆಯ ಧ್ವನಿ. ಆದರೆ ರೋಮ್ ಬೇರೆಯಾದ್ದರಿಂದ ಸ್ಪೆಕ್ಟ್ರಮ್‌ನ ಬಹುಪಾಲು ಆಟಗಳು ಓಡಲಿಲ್ಲ. ಮೂಲ ರೋಮ್ ಇರುವ ಕಾರ್ಟ್ರಿಡ್ಜ್ ಸಿಕ್ಕಿಸಿದರೆ ಮಾತ್ರ ಸರಿ.

ರೋಮ್ ಅನ್ನು ಮುಟ್ಟದೆಯೂ ಹೊಸದನ್ನು ಸೇರಿಸಬಹುದು ಎಂದು ತೋರಿಸಿದ್ದು ಬ್ರಿಟನ್ನಿನ ಬೀಟಾ ಡಿಸ್ಕ್ ಎಂಬ ಫ್ಲಾಪಿ ಡಿಸ್ಕ್ ಸಾಧನ, ಅದನ್ನು ನಡೆಸುವ ಟಿಆರ್-ಡಾಸ್ ಪ್ರೋಗ್ರಾಂ. ಸೋವಿಯತ್ ಕ್ಲೋನ್‌ಗಳಲ್ಲಿ ಡಿಸ್ಕ್ ಎಂದರೆ ಇದೇ. 'ರ‍್ಯಾಂಡಮೈಸ್ ಯುಎಸ್‌ಆರ್ 15616' ಎಂದು ಬೇಸಿಕ್‌ನಲ್ಲಿ ಕೊಟ್ಟರೆ ಟಿಆರ್-ಡಾಸ್ ತೆರೆದುಕೊಳ್ಳುತ್ತದೆ. 15616 ಏಕೆ? ಮೂಲ ರೋಮ್‌ನಲ್ಲಿ ಅಲ್ಲಿಂದ ಕೊನೆಯ ತನಕ ಇರುವುದು ಅಕ್ಷರಗಳ ಚಿತ್ರ, ಕೋಡ್ ಅಲ್ಲ. ಪ್ರೊಸೆಸರ್ ಅಲ್ಲಿಂದ ಆದೇಶ ಓದುವ ಪ್ರಸಂಗವೇ ಬರುವುದಿಲ್ಲ. ಬಂದರೆ ಅದು ಡಿಸ್ಕಿಗಾಗಿಯೇ ಎಂದು ತಿಳಿದು ಸರ್ಕಿಟ್ ಡಿಸ್ಕ್ ರೋಮ್ ಅನ್ನು ಎದುರಿಗೆ ತರುತ್ತದೆ. ಡಿಸ್ಕಿನ ಎರಡೂ ಬದಿ ಸೇರಿ 160 ಟ್ರ್ಯಾಕ್, ಟ್ರ್ಯಾಕ್‌ಗೆ 256 ಬೈಟ್‌ನ 16 ಸೆಕ್ಟರ್, ಒಟ್ಟು 640ಕೆ. ಫೈಲ್‌ಗಳು ಹೆಚ್ಚೆಂದರೆ 128. ಫೈಲ್ ಅಳಿಸಿದರೂ ಜಾಗ ಕೂಡಲೇ ಸಿಗದು, ಮೂವ್ ಆದೇಶ ಕೊಟ್ಟು ಒತ್ತರಿಸಬೇಕು.

ಕೆಟ್ಟ ಯಂತ್ರ ಕೈಗೆ ಬಂದಾಗ

ಮೊದಲು ಪವರ್. ಸ್ಪೆಕ್ಟ್ರಮ್‌ನ ಅಡಾಪ್ಟರ್ 9 ವೋಲ್ಟ್, 1.4 ಆಂಪಿಯರ್, ನಡುವಿನ ಪಿನ್ ಮೈನಸ್. ಈಗಿನ ಅಡಾಪ್ಟರ್‌ಗಳಲ್ಲಿ ನಡುವಿನದು ಸಾಮಾನ್ಯವಾಗಿ ಪ್ಲಸ್; ನೋಡದೆ ಸಿಕ್ಕಿಸಿದರೆ ನಷ್ಟ ಖಂಡಿತ. ಕೈಯಲ್ಲಿ ಕಟ್ಟಿದ ಕ್ಲೋನ್‌ಗಳ ಪೈಕಿ ಎಷ್ಟೋ ಬೋರ್ಡ್‌ಗಳಲ್ಲಿ ವೋಲ್ಟೇಜ್ ಇಳಿಸುವ ರೆಗ್ಯುಲೇಟರೇ ಇರುವುದಿಲ್ಲ, ನೇರವಾಗಿ 5 ವೋಲ್ಟ್ ಕೊಡಬೇಕು. ಅಂಥದಕ್ಕೆ 9 ವೋಲ್ಟ್ ಹೋದರೆ ಚಿಪ್‌ಗಳು ಸಾಲಾಗಿ ಸಾಯುತ್ತವೆ. ಕನೆಕ್ಟರ್‌ನ ಪಿನ್ ಜೋಡಣೆ ಒಬ್ಬೊಬ್ಬ ತಯಾರಕನದು ಒಂದೊಂದು ಥರ. ಹಾಗಾಗಿ ಬೋರ್ಡಿನ ಮೇಲಿನ ಯಾವುದಾದರೂ ಟಿಟಿಎಲ್ ಚಿಪ್‌ನ 5 ವೋಲ್ಟ್ ಪಿನ್‌ನಿಂದ ಕನೆಕ್ಟರ್ ತನಕ ಮಲ್ಟಿಮೀಟರ್‌ನಲ್ಲಿ ತಂತಿ ಹಿಂಬಾಲಿಸಿ ಖಚಿತಪಡಿಸಿಕೊಳ್ಳಿ.

ಮೂಲ ಸ್ಪೆಕ್ಟ್ರಮ್‌ನ ದೊಡ್ಡ ಶಾಪ ಕೆಳಗಿನ 16ಕೆಯ ಎಂಟು 4116 ಚಿಪ್‌ಗಳು. ಅವಕ್ಕೆ ಮೂರು ವೋಲ್ಟೇಜ್ ಬೇಕು: ಪಿನ್ 1ರಲ್ಲಿ ಮೈನಸ್ 5, ಪಿನ್ 8ರಲ್ಲಿ 12, ಪಿನ್ 9ರಲ್ಲಿ 5, ಪಿನ್ 16 ಗ್ರೌಂಡ್. ಮೈನಸ್ 5 ಇಲ್ಲದೆ 12 ಮಾತ್ರ ಬಂದರೆ ಚಿಪ್ ಸುಡುತ್ತದೆ. ಈ ವೋಲ್ಟೇಜ್‌ಗಳನ್ನು ತಯಾರಿಸುವ ಟಿಆರ್4 ಟ್ರಾನ್ಸಿಸ್ಟರ್ ಸಾಯುವುದಕ್ಕೆ ಸಾಮಾನ್ಯ ಕಾರಣ, ಯಂತ್ರ ಚಾಲೂ ಇರುವಾಗಲೇ ಹಿಂದಿನ ಎಡ್ಜ್ ಕನೆಕ್ಟರ್‌ನಲ್ಲಿ ಏನನ್ನಾದರೂ ಸಿಕ್ಕಿಸುವುದು ಅಥವಾ ಅಲುಗಾಡಿಸುವುದು. ಟಿಆರ್4 ಬದಲಿಸುವಾಗ ಟಿಆರ್5 ಮತ್ತು ಕಾಯಿಲ್ ಕೂಡ ನೋಡಿ, ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. 4116 ಬದಲು 4164 ಹಾಕುವ ಆಸೆ ಸಹಜ, ಆದರೆ 4164ಕ್ಕೆ ಪಿನ್ 8ರಲ್ಲಿ 5 ವೋಲ್ಟ್ ಬೇಕು. ಬೋರ್ಡಿನಲ್ಲಿ ಅಲ್ಲಿ 12 ಇದೆ. ತಂತಿ ಬದಲಿಸದೆ ಹಾಕಬೇಡಿ. ಮೇಲಿನ 32ಕೆಯ ಚಿಪ್‌ಗಳಿಗೆ ಆ ತೊಂದರೆಯಿಲ್ಲ. ಅವು ಅರ್ಧ ಭಾಗ ಕೆಟ್ಟ 64 ಕಿಲೋಬಿಟ್ ಚಿಪ್‌ಗಳೇ. ಸಿಂಕ್ಲೇರ್ ಅವನ್ನು ಅಗ್ಗಕ್ಕೆ ಕೊಂಡಿತ್ತು. ಅಲ್ಲಿ 4164 ನೇರವಾಗಿ ಕೂರುತ್ತದೆ.

ಆನ್ ಮಾಡಿದ ಕ್ಷಣ ಪರದೆಯನ್ನು ಗಮನಿಸಿದರೆ ಅರ್ಧ ರೋಗ ಗೊತ್ತಾಗುತ್ತದೆ. ರೋಮ್ ಮೊದಲು ಮೆಮೊರಿಯ ಪ್ರತಿ ಬೈಟಿನಲ್ಲೂ 2 ಎಂದು ಬರೆಯುತ್ತದೆ. ಬಣ್ಣದ ಬೈಟಿನಲ್ಲಿ 2 ಎಂದರೆ ಕಪ್ಪು ನೆಲದ ಮೇಲೆ ಕೆಂಪು. ಚುಕ್ಕಿಯ ಬೈಟಿನಲ್ಲಿ 2 ಎಂದರೆ ಎಂಟರಲ್ಲಿ ಏಳನೇ ಚುಕ್ಕಿ. ಹಾಗಾಗಿ ಆರೋಗ್ಯವಂತ ಯಂತ್ರ ಕಪ್ಪು ಪರದೆಯ ಮೇಲೆ 32 ತೆಳು ಕೆಂಪು ಗೀಟುಗಳನ್ನು ಕ್ಷಣಕಾಲ ತೋರಿಸಿ, ಬಿಳಿಯಾಗಿ, ಕೃತಿಸ್ವಾಮ್ಯದ ಸಾಲು ಬರೆಯುತ್ತದೆ. ಕೆಂಪಿನ ಜೊತೆಗೆ ಬೇರೆ ಗೀಟುಗಳೂ ನಿಯಮಿತವಾಗಿ ಕಂಡರೆ ಯಾವುದೋ ಒಂದು ಬಿಟ್‌ನ ಚಿಪ್ ಕೆಟ್ಟಿದೆ. ಕೆಳಗಿನ ಮೆಮೊರಿಯಲ್ಲಿ ಬಿಟ್ 0 ಐಸಿ6, ಹೀಗೇ ಸಾಲಾಗಿ ಬಿಟ್ 7 ಐಸಿ13. ಸರಿಯಾಗಿ ಶುರುವಾದರೆ 'ಪ್ರಿಂಟ್ ಪೀಕ್ 23732 + 256 * ಪೀಕ್ 23733' ಕೊಡಿ (ಪೀಕ್ ಎಂದರೆ ಆ ವಿಳಾಸದ ಬೈಟ್ ಓದು). 65535 ಬಂದರೆ ಪೂರ್ತಿ 48ಕೆ. 32767 ಬಂದರೆ ಮೇಲಿನ ಸಾಲು ಕೆಟ್ಟು ಯಂತ್ರ ತನ್ನನ್ನು 16ಕೆ ಎಂದುಕೊಂಡಿದೆ. ಎಂಟೇ ಚಿಪ್‌ನ ಕ್ಲೋನ್‌ಗಳಲ್ಲಿ ಮೇಲಿನದು ಕೆಳಗಿನದು ಒಂದೇ ಆದ್ದರಿಂದ, ಒಂದು ಪೂರ್ತಿ ಸತ್ತರೆ ಸಾಮಾನ್ಯವಾಗಿ ಏನೂ ಶುರುವಾಗದು.

ಟೇಪ್ ಲೋಡ್ ಆಗದಿದ್ದರೆ ಬಾರ್ಡರ್ ನೋಡಿ. ಹೆಡರ್‌ನ (ಫೈಲಿನ ಹೆಸರು, ವಿವರ ಇರುವ ತುಣುಕು) ಮೊದಲ ಐದು ಸೆಕೆಂಡ್ 807 ಹರ್ಟ್ಝ್‌ನ ಒಂದೇ ಸ್ವರ. ಅದು ಯಂತ್ರಕ್ಕೆ ಕೇಳಿಸಿದರೆ ಕೆಂಪು-ತಿಳಿನೀಲಿ ಪಟ್ಟೆಗಳು ಸಮನಾಗಿ ಹರಿಯುತ್ತವೆ. ಬಾರ್ಡರ್ ನಿಧಾನವಾಗಿ ಬಣ್ಣ ಬದಲಿಸುತ್ತಲೇ ಇದ್ದರೆ ಸದ್ದು ಒಳಗೇ ಹೋಗುತ್ತಿಲ್ಲ. ಪಟ್ಟೆ ಬಂದು, ನೀಲಿ-ಹಳದಿಯಲ್ಲಿ ತಪ್ಪಿದರೆ ಸದ್ದಿನ ಮಟ್ಟ ಹೊಂದಿಸಿ. ಮೊಬೈಲ್‌ನಿಂದ ಲೋಡ್ ಮಾಡುವವರು ಈಕ್ವಲೈಸರ್ ಆಫ್ ಮಾಡಿ, ಒಂದೇ ಚಾನೆಲ್ ಬಳಸಿ, ವಾಲ್ಯೂಮ್ ಬಹುತೇಕ ಪೂರ್ತಿ ಇಡಬೇಕು. ಟರ್ಬೊ ಸ್ವಿಚ್ ಇರುವ ಕ್ಲೋನ್‌ನಲ್ಲಿ ಲೋಡ್ ಮಾಡುವಾಗ ಅದು ಆಫ್ ಇರಲಿ. ಬಿಟ್ 0 ಮತ್ತು 1ರ ವ್ಯತ್ಯಾಸ ಮಿಡಿತಗಳ ಎಣಿಕೆಯಲ್ಲೇ ಇದೆ (855 ಮತ್ತು 1710), ಗಡಿಯಾರ ಎರಡು ಪಟ್ಟಾದರೆ ಎಣಿಕೆ ಕೆಡುತ್ತದೆ.

ಯೂಎಲ್‌ಎಯೇ ಸತ್ತಿದ್ದರೆ ಹಿಂದೆ ಇನ್ನೊಂದು ಯಂತ್ರ ಬಲಿಕೊಡಬೇಕಿತ್ತು. ಕ್ರಿಸ್ ಸ್ಮಿತ್ ಆ ಚಿಪ್‌ನ ಒಳರಚನೆಯನ್ನು ಬಿಡಿಸಿಟ್ಟ ಮೇಲೆ ಅದರ ಪ್ರತಿಯೊಂದು ವಿಲಕ್ಷಣತೆಗೂ ಕಾರಣ ಗೊತ್ತಾಗಿದೆ. ಅವರೇ ರೂಪಿಸಿದ ಹಾರ್ಲಿಕ್ವಿನ್ ಬೋರ್ಡ್ ಯೂಎಲ್‌ಎ ಇಲ್ಲದೆ, ಸಾಮಾನ್ಯ ಚಿಪ್‌ಗಳಲ್ಲೇ ಮೂಲದ ಗಡಿಯಾರ ತಡೆಯನ್ನೂ ಅನುಕರಿಸುತ್ತದೆ. ಪ್ರೋಗ್ರಾಂ ಮಾಡಬಹುದಾದ ಚಿಪ್‌ನಿಂದ ಮಾಡಿದ ಬದಲಿ ಯೂಎಲ್‌ಎಗಳೂ ಈಗ ಇವೆ.

ಹೆಸರು ತಿಳಿಯದ ಬೋರ್ಡ್ ಸಿಕ್ಕರೆ ಅದು ಮೂಲಕ್ಕೆ ಎಷ್ಟು ಹತ್ತಿರ ಎಂದು ಬೇಸಿಕ್‌ನಲ್ಲೇ ಪರೀಕ್ಷಿಸಬಹುದು. 14446ರಿಂದ 15615ರ ವರೆಗೆ ಪೀಕ್ ಮಾಡಿ, 255 ಅಲ್ಲದ್ದು ಬಂದರೆ ವಿಳಾಸ ಪ್ರಿಂಟ್ ಮಾಡಲು ಹೇಳಿ. ಏನೂ ಬರದಿದ್ದರೆ ರೋಮ್‌ನ ಖಾಲಿ ಜಾಗ ಹಾಗೇ ಇದೆ. 'ಪ್ರಿಂಟ್ ಇನ್ 255' ಅನ್ನು ಲೂಪಿನಲ್ಲಿ ಓಡಿಸಿ: ಮೂಲ ಯಂತ್ರದಲ್ಲಿ 255ರ ನಡುನಡುವೆ 56, 0 ಇಣುಕುತ್ತವೆ (ಬಿಳಿ ಪರದೆಯ ಬಣ್ಣ ಮತ್ತು ಖಾಲಿ ಚುಕ್ಕಿಗಳು), ಬಹುತೇಕ ಕ್ಲೋನ್‌ಗಳಲ್ಲಿ ಬರೀ 255. ಕೊನೆಗೆ ಫ್ರೇಮ್‌ಗಳ ಎಣಿಕೆ ಇರುವ 23672 ಮತ್ತು 23673ರಲ್ಲಿ ಪೋಕ್ ಮಾಡಿ ಸೊನ್ನೆ ಇಟ್ಟು, ಸರಿಯಾಗಿ 60 ಸೆಕೆಂಡ್ ಬಿಟ್ಟು 'ಪ್ರಿಂಟ್ ಪೀಕ್ 23672 + 256 * ಪೀಕ್ 23673' ಕೊಡಿ. 3005ರ ಹತ್ತಿರ ಬಂದರೆ ಫ್ರೇಮ್ ಮೂಲದ್ದು, 2930ರ ಹತ್ತಿರವಾದರೆ ಪೆಂಟಗನ್ ಮನೆತನ, 3600ರ ಹತ್ತಿರವಾದರೆ 60 ಹರ್ಟ್ಝ್ ಟಿವಿಗಾಗಿ ಮಾಡಿದ್ದು.